ಒಂದೇ ರಕ್ತ, ಎರಡು ಸಂಖ್ಯೆ: ಆಫ್ರಿಕಾದ ಕಿಡ್ನಿ ರೋಗಿಗಳ ಬಗ್ಗೆ

ಹಲವು ವರ್ಷಗಳ ಹಿಂದೆ, ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, ಕಿಡ್ನಿ ಕಸಿಗಾಗಿ ಕೀನ್ಯಾದಿಂದ ಬಂದಿದ್ದ ಒಬ್ಬ ಶಾಲಾ ಮಾಸ್ತರರು ತಮ್ಮ ಹಳೆಯ ವರದಿಗಳ ಕಡತವನ್ನು ತೆರೆದು ಒಂದು ಹಾಳೆಯ ಮೇಲೆ ಬೆರಳಿಟ್ಟರು. ಅದು ಅವರ ಊರಿನ ಕಡೆಯ ಒಂದು ಲ್ಯಾಬ್ ಐದು ವರ್ಷಗಳ ಹಿಂದೆ ಕೊಟ್ಟಿದ್ದ ರಕ್ತಪರೀಕ್ಷೆಯ ವರದಿ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದರಲ್ಲಿ ಎರಡು ಸಂಖ್ಯೆಗಳಿದ್ದವು. ಮೊದಲನೆಯದು 52. ಅದರ ಕೆಳಗೆ, ‘ಆಫ್ರಿಕನ್ ಮೂಲದವರಾದರೆ’ ಎಂಬ ಒಕ್ಕಣೆಯೊಂದಿಗೆ, 63. ಆ ಸಂಖ್ಯೆ 60ಕ್ಕಿಂತ ಕಡಿಮೆಯಾಗಿ ಮೂರು ತಿಂಗಳು ಹಾಗೆಯೇ ಇದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಮಾಸ್ತರರು ಆಫ್ರಿಕನ್ನರಾದ್ದರಿಂದ ವೈದ್ಯರು ಎರಡನೆಯ ಸಂಖ್ಯೆಯನ್ನೇ ಓದಿ, ಬಿಪಿ ಮಾತ್ರೆ ಬರೆದು ಕಳುಹಿಸಿದ್ದರು. ಮುಂದೆ ಕಾಲು ಬಾತು ಉಸಿರು ಕಟ್ಟುವವರೆಗೆ ಯಾರೂ ಆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಲಿಲ್ಲ. ಕಿಡ್ನಿ ಕೊಡಲು ಜೊತೆಯಲ್ಲಿ ಬಂದಿದ್ದ ಅವರ ಅಕ್ಕ, ಆಗ ಮೇಲಿನ ಸಂಖ್ಯೆಯನ್ನು ನಂಬಿದ್ದರೆ ಏನಾಗುತ್ತಿತ್ತು ಎಂದು ನನ್ನನ್ನು ಕೇಳಿದರು. ಐದು ವರ್ಷ ಮೊದಲೇ ಚಿಕಿತ್ಸೆ ಶುರುವಾಗುತ್ತಿತ್ತು ಎಂದಷ್ಟೇ ನಾನು ಹೇಳಿದೆ.

ಆ ಎರಡು ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಆಫ್ರಿಕಾದ ಕಿಡ್ನಿ ರೋಗಿಗೆ ಆಗುವ ಮೊದಲ ಅನ್ಯಾಯ ಆಸ್ಪತ್ರೆಯಲ್ಲಿ ಆಗುವುದಲ್ಲ, ಅಳತೆಯಲ್ಲಿ ಆಗುವುದು. ಕಿಡ್ನಿ ರಕ್ತವನ್ನು ಸೋಸುವ ವೇಗವನ್ನು, ಅಂದರೆ ವರದಿಯ ಆ ಸಂಖ್ಯೆಯನ್ನು, ನಾವು ಲ್ಯಾಬಿನವರು ನೇರವಾಗಿ ಅಳೆಯುವುದಿಲ್ಲ. ಸ್ನಾಯುಗಳಿಂದ ರಕ್ತಕ್ಕೆ ಸೇರುವ ಕ್ರಿಯಾಟಿನಿನ್ ಎಂಬ ಕಶ್ಮಲ ಎಷ್ಟು ಉಳಿದಿದೆ ಎಂದು ನೋಡಿ, ವಯಸ್ಸು ಮತ್ತು ಲಿಂಗವನ್ನು ಸೇರಿಸಿ, ಒಂದು ಸೂತ್ರದಿಂದ ಅಂದಾಜು ಮಾಡುತ್ತೇವೆ. ಜಗತ್ತಿನ ಲ್ಯಾಬುಗಳೆಲ್ಲ ವರ್ಷಗಟ್ಟಲೆ ಬಳಸಿದ ಅಂಥ ಒಂದು ಸೂತ್ರವು 1999ರಲ್ಲಿ ಅಮೆರಿಕದ 1,628 ಕಿಡ್ನಿ ರೋಗಿಗಳ ಅಧ್ಯಯನದಿಂದ ಹುಟ್ಟಿತು. ಆ ಅಧ್ಯಯನದಲ್ಲಿದ್ದ ಕಪ್ಪು ವರ್ಣೀಯರು ನೂರಕ್ಕೆ ಹನ್ನೆರಡರಷ್ಟು. ಅವರ ಲೆಕ್ಕ ಉಳಿದವರ ಲೆಕ್ಕಕ್ಕೆ ಹೊಂದದಿದ್ದಾಗ, ಅವರಿಗೆ ಸ್ನಾಯು ಹೆಚ್ಚಿರಬೇಕು ಎಂಬ ಊಹೆಯ ಆಧಾರದ ಮೇಲೆ, ಬಂದ ಉತ್ತರವನ್ನು 1.212ರಿಂದ ಗುಣಿಸಬೇಕು ಎಂದು ನಿಗದಿ ಮಾಡಿದರು. ಮಾಸ್ತರರ 52 ಅನ್ನು 63 ಮಾಡಿದ್ದು ಈ ಗುಣಕ. 2009ರ ಹೊಸ ಸೂತ್ರದಲ್ಲಿ ಅದು 1.159ಕ್ಕೆ ಇಳಿಯಿತೇ ಹೊರತು ಹೋಗಲಿಲ್ಲ. ಅಮೆರಿಕದ ಕಿಡ್ನಿ ತಜ್ಞರ ಸಂಘಟನೆಗಳು ಅದನ್ನು ಕೈಬಿಡಲು ಹೇಳಿದ್ದು 2021ರಲ್ಲಿ. ಅಮೆರಿಕದ ಕಪ್ಪು ರೋಗಿಗಳಿಗೇ ಸರಿಹೊಂದದ ಲೆಕ್ಕವನ್ನು, ವರ್ಷಕ್ಕೊಂದೇ ಬೆಳೆ ಕಂಡು ಅರೆಹೊಟ್ಟೆಯಲ್ಲಿ ದುಡಿಯುವ ಮಲಾವಿಯ ರೈತನಿಗೂ, ನೈರೋಬಿಯ ಮಾಸ್ತರನಿಗೂ ಅದೇ ಗುಣಕದಿಂದ ಹಚ್ಚಲಾಯಿತು.

ಈ ತಪ್ಪನ್ನು ಆಫ್ರಿಕಾದ ನೆಲದಲ್ಲಿಯೇ ಅಳೆದು ತೋರಿಸಿದ ಅಧ್ಯಯನವೊಂದು 2022ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಲಾವಿ, ಉಗಾಂಡ ಮತ್ತು ದಕ್ಷಿಣ ಆಫ್ರಿಕಾದ 2,578 ಜನರ ಮೇಲೆ ನಡೆದ ಕೆಲಸವದು. ಐಯೋಹೆಕ್ಸಾಲ್ ಎಂಬ ದ್ರವವನ್ನು ಚುಚ್ಚಿ, ಗಂಟೆಗಳ ಅಂತರದಲ್ಲಿ ಮತ್ತೆ ಮತ್ತೆ ರಕ್ತ ತೆಗೆದು, ಕಿಡ್ನಿ ಅದನ್ನು ಎಷ್ಟು ಬೇಗ ಹೊರಹಾಕುತ್ತದೆ ಎಂದು ನೇರವಾಗಿ ನೋಡುವುದು ಅದರ ವಿಧಾನ. ಊರೂರಿಗೆ ಹೋಗಿ ಸಾವಿರಾರು ಜನರನ್ನು ಅರ್ಧ ದಿನ ಕೂರಿಸಿಕೊಂಡು ಇದನ್ನು ಮಾಡುವುದು ಎಷ್ಟು ಕಷ್ಟವೆಂದು ಸೂಜಿ ಹಿಡಿದವರಿಗೆ ಗೊತ್ತು. ಫಲಿತಾಂಶ ಸ್ಪಷ್ಟವಾಗಿತ್ತು. ಕ್ರಿಯಾಟಿನಿನ್ ಸೂತ್ರಗಳು ಅಲ್ಲಿನವರ ಕಿಡ್ನಿಯ ಶಕ್ತಿಯನ್ನು ಇರುವುದಕ್ಕಿಂತ ಹೆಚ್ಚೆಂದು ತೋರಿಸುತ್ತಿದ್ದವು, ಜನಾಂಗದ ಗುಣಕ ಆ ತಪ್ಪನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು, ಮತ್ತು ನಿಜವಾಗಿ 60ಕ್ಕಿಂತ ಕೆಳಗಿದ್ದವರ ಪ್ರಮಾಣವು ಕ್ರಿಯಾಟಿನಿನ್ ಹೇಳುತ್ತಿದ್ದುದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು. ಕಿಡ್ನಿ ಎಷ್ಟು ಹೆಚ್ಚು ಕೆಟ್ಟಿದೆಯೋ ತಪ್ಪು ಅಷ್ಟು ದೊಡ್ಡದು, ಅಂದರೆ ಯಾರಿಗೆ ಎಚ್ಚರಿಕೆ ಎಲ್ಲಕ್ಕಿಂತ ಮೊದಲು ಬೇಕೋ ಅವರಿಗೇ ಸಂಖ್ಯೆ ಸುಳ್ಳು ಸಮಾಧಾನ ಹೇಳುತ್ತಿತ್ತು. ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಸತ್ಯಕ್ಕೆ ಹತ್ತಿರವಿದೆ, ಆದರೆ ಕ್ರಿಯಾಟಿನಿನ್ ಪರೀಕ್ಷೆಯ ಎಷ್ಟೋ ಪಟ್ಟು ದುಬಾರಿ. (ಸಣಕಲು ಮೈಯ, ಮಾಂಸ ತಿನ್ನದ ನಮ್ಮವರ ವಿಷಯದಲ್ಲೂ ಈ ಸೂತ್ರಗಳು ಹೆಚ್ಚು ತೋರಿಸುವ ಕಡೆಗೇ ವಾಲುತ್ತವೆ ಎಂಬುದು ನಮ್ಮ ಲ್ಯಾಬುಗಳಲ್ಲಿ ವರದಿಗೆ ಸಹಿ ಮಾಡುವವರ ನೆನಪಿನಲ್ಲಿರಲಿ.)

ಅಳತೆಯ ನಂತರದ ಪ್ರಶ್ನೆ ಸಂಶೋಧನೆಯದು. ಪಶ್ಚಿಮ ಆಫ್ರಿಕಾದ ಜನರಲ್ಲಿ ಎಪಿಒಎಲ್-1 ಎಂಬ ವಂಶವಾಹಿಯ ಎರಡು ರೂಪಾಂತರಗಳು ಬಹಳ ಸಾಮಾನ್ಯ. ತ್ಸೆತ್ಸೆ ನೊಣ ಹರಡುವ ನಿದ್ರಾರೋಗದ ಪರೋಪಜೀವಿಯಿಂದ ಅವು ರಕ್ಷಣೆ ಕೊಡುತ್ತವೆ, ಆದ್ದರಿಂದಲೇ ತಲೆಮಾರುಗಳಲ್ಲಿ ಉಳಿದು ಬೆಳೆದವು. ಆದರೆ ಅದೇ ರೂಪಾಂತರಗಳು ಕಿಡ್ನಿಯ ಜರಡಿಯನ್ನು ಕೆಡಿಸುತ್ತವೆ ಎಂದು 2010ರಲ್ಲಿ ಗೊತ್ತಾಯಿತು, ಅದೂ ಅಮೆರಿಕದ ಕಪ್ಪು ವರ್ಣೀಯರ ರಕ್ತದಿಂದ. ಆ ರೂಪಾಂತರದ ತವರಿನಲ್ಲಿಯೇ ದೊಡ್ಡ ಅಧ್ಯಯನವೊಂದರ ಫಲಿತಾಂಶ ಪ್ರಕಟವಾಗಲು ಇನ್ನೂ 14 ವರ್ಷ ಬೇಕಾದವು. ಎಚ್‌3ಆಫ್ರಿಕಾ ಎಂಬ ವಂಶವಾಹಿ ಸಂಶೋಧನಾ ಯೋಜನೆಯಡಿ ಘಾನಾ ಮತ್ತು ನೈಜೀರಿಯಾದ 8,355 ಜನರನ್ನು ಒಳಗೊಂಡ ಆ ಅಧ್ಯಯನ 2024ರಲ್ಲಿ ಹೊರಬಂತು. ನೂರಕ್ಕೆ ಸುಮಾರು 30 ಜನರಲ್ಲಿ ಅಪಾಯದ ರೂಪಾಂತರದ ಎರಡು ಪ್ರತಿಗಳಿದ್ದವು (ತಂದೆಯಿಂದೊಂದು, ತಾಯಿಯಿಂದೊಂದು), 43 ಜನರಲ್ಲಿ ಒಂದು ಪ್ರತಿ. ಅಪಾಯಕ್ಕೆ ಎರಡೂ ಪ್ರತಿಗಳಿರಬೇಕು ಎಂಬುದು ಅದುವರೆಗಿನ ಪಾಠ. ಒಂದೇ ಪ್ರತಿಯಿದ್ದವರಿಗೂ ಕಿಡ್ನಿ ಕಾಯಿಲೆಯ ಸಂಭವ 18 ಪ್ರತಿಶತ ಹೆಚ್ಚು ಎಂದು ಇಲ್ಲಿ ಕಂಡಿತು. ಘಾನಾದ ಕುಮಾಸಿ, ನೈಜೀರಿಯಾದ ಇಬಾದಾನ್‌ಗಳ ಜನರನ್ನು ಮೊದಲೇ ಕೇಳಿದ್ದರೆ ಪಠ್ಯಪುಸ್ತಕ ಆಗಲೇ ಬೇರೆಯಾಗಿರುತ್ತಿತ್ತು.

ಔಷಧಿಗಳ ಕಥೆಯೂ ಇದೇ. ಕಿಡ್ನಿ ಹಾಳಾಗುವುದನ್ನು ನಿಧಾನಗೊಳಿಸುವಲ್ಲಿ ಈ ಕಾಲದ ದೊಡ್ಡ ಹೆಜ್ಜೆಯೆಂದರೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು. ಮೊದಲನೆಯದರ ಮುಖ್ಯ ಕಿಡ್ನಿ ಪ್ರಯೋಗ 21 ದೇಶಗಳಲ್ಲಿ ನಡೆಯಿತು, ಭಾರತವೂ ಅದರಲ್ಲಿತ್ತು. ಎರಡನೆಯದು ಎಂಟು ದೇಶಗಳಲ್ಲಿ ನಡೆಯಿತು. ಎರಡರಲ್ಲೂ ಆಫ್ರಿಕಾ ಖಂಡದ ಒಂದೇ ಒಂದು ದೇಶವಿರಲಿಲ್ಲ. ಎಪಿಒಎಲ್-1 ಅನ್ನೇ ತಡೆಯುವ ಇನಾಕ್ಸಾಪ್ಲಿನ್ ಎಂಬ ಹೊಸ ಔಷಧಿ ಒಂದು ಸಣ್ಣ ಪ್ರಯೋಗದಲ್ಲಿ 13 ವಾರಗಳಲ್ಲಿ ಮೂತ್ರದ ಪ್ರೋಟೀನ್ ಸೋರಿಕೆಯನ್ನು ಅರ್ಧದಷ್ಟು ಇಳಿಸಿದೆ ಎಂದು 2023ರಲ್ಲಿ ಓದಿ ನಾನು ನಿಜಕ್ಕೂ ಸಂತೋಷಪಟ್ಟೆ. ಅದನ್ನು ತಯಾರಿಸುತ್ತಿರುವುದು ಬಾಸ್ಟನ್ನಿನ ಕಂಪನಿ. ಆ ಮಾತ್ರೆ ಮಾರುಕಟ್ಟೆಗೆ ಬಂದ ದಿನ ನೈಜೀರಿಯಾದ ಲಾಗೋಸ್‌ನ ಬಸ್ ಚಾಲಕನ ಕೈಗೆಟುಕಬೇಕಾದರೆ, ಬೆಲೆಯ ಮಾತುಕತೆ ಈಗಲೇ, ಪ್ರಯೋಗ ನಡೆಯುತ್ತಿರುವಾಗಲೇ ಆಗಬೇಕು.

ಇಷ್ಟೆಲ್ಲ ತಪ್ಪಿದ ಮೇಲೆ ರೋಗಿ ಡಯಾಲಿಸಿಸ್ ಕೋಣೆಯ ಬಾಗಿಲಿಗೆ ಬರುತ್ತಾನೆ. ಆ ಬಾಗಿಲಲ್ಲಿ ಏನಾಗುತ್ತದೆ ಎಂಬುದಕ್ಕೆ ನ್ಯಾಯಾಲಯದ ದಾಖಲೆಯೇ ಇದೆ. 1997ರಲ್ಲಿ ಡರ್ಬನ್‌ನ 41 ವರ್ಷದ ನಿರುದ್ಯೋಗಿ ಥಿಯಾಗ್ರಾಜ್ ಸೂಬ್ರಮನಿ, ನಮ್ಮ ತ್ಯಾಗರಾಜ ಸುಬ್ರಹ್ಮಣ್ಯರನ್ನು ಹೆಸರಿನಲ್ಲಿ ಉಳಿಸಿಕೊಂಡಿದ್ದ ಮನುಷ್ಯ, ತನಗೆ ಡಯಾಲಿಸಿಸ್ ಬೇಕೆಂದು ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋದರು. ಸಕ್ಕರೆ ಕಾಯಿಲೆ, ಹೃದ್ರೋಗ, ಒಮ್ಮೆ ಪಾರ್ಶ್ವವಾಯು, 1996ರಲ್ಲಿ ಕಿಡ್ನಿ ವೈಫಲ್ಯ. ಖಾಸಗಿ ಡಯಾಲಿಸಿಸ್‌ಗೆ ಇದ್ದ ಹಣವೆಲ್ಲ ಕರಗಿತ್ತು. ಸರ್ಕಾರಿ ಆಡಿಂಗ್ಟನ್ ಆಸ್ಪತ್ರೆಯಲ್ಲಿದ್ದದ್ದು 20 ಯಂತ್ರಗಳು, ಅವುಗಳಲ್ಲಿ ಕೆಲವು ಹಳತಾಗಿದ್ದವು. ಒಬ್ಬರಿಗೆ ನಾಲ್ಕು ಗಂಟೆ, ಯಂತ್ರ ಶುಚಿಗೊಳಿಸಲು ಮತ್ತೆ ಎರಡು ಗಂಟೆ. ಕಸಿಗೆ ಯೋಗ್ಯರಾದವರಿಗೆ ಮಾತ್ರ ಖಾಯಂ ಡಯಾಲಿಸಿಸ್ ಎಂಬುದು ಅಲ್ಲಿನ ನಿಯಮ, ಹೃದಯ ಕೆಟ್ಟಿದ್ದ ಅವರು ಆ ಪಟ್ಟಿಗೆ ಬರಲಿಲ್ಲ. ತುರ್ತು ಚಿಕಿತ್ಸೆಯನ್ನು ಯಾರಿಗೂ ನಿರಾಕರಿಸುವಂತಿಲ್ಲ ಎಂದು ಹೊಸ ಸಂವಿಧಾನ ಹೇಳಿತ್ತು. ವಾರ ವಾರವೂ ಬೇಕಾಗುವ ಚಿಕಿತ್ಸೆ ತುರ್ತು ಎನಿಸುವುದಿಲ್ಲ, ಇರುವ ಹಣವನ್ನು ಹಂಚುವ ನಿರ್ಧಾರ ಪ್ರಾಂತ್ಯ ಸರ್ಕಾರದ್ದು ಎಂದು ನ್ಯಾಯಾಲಯ ನವೆಂಬರ್ 27ರಂದು ತೀರ್ಪಿತ್ತಿತು. ಅವರು ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಆ ತೀರ್ಪನ್ನು ಓದಿದಾಗ ನ್ಯಾಯಾಧೀಶರ ಮೇಲೆ ನನಗೆ ಕೋಪ ಬರಲಿಲ್ಲ. ಅವರ ಮುಂದೆ ಬಂದದ್ದು ಇಪ್ಪತ್ತು ಯಂತ್ರಗಳ ಲೆಕ್ಕ. ಆ ಮನುಷ್ಯನ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿಯುತ್ತಿದ್ದ ವರ್ಷಗಳ ಲೆಕ್ಕವನ್ನು ಕೇಳುವ ನ್ಯಾಯಾಲಯ ಯಾವುದೂ ಇಲ್ಲ.

ಅದು ಆ ಖಂಡದ ಅತ್ಯಂತ ಶ್ರೀಮಂತ ದೇಶಗಳಲ್ಲೊಂದರ ಮಾತು. ಸಹರಾದ ದಕ್ಷಿಣದ ದೇಶಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ, ಹೊಸದಾಗಿ ಕಿಡ್ನಿ ವೈಫಲ್ಯಕ್ಕೆ ಒಳಗಾಗಿ ಡಯಾಲಿಸಿಸ್ ಶುರುಮಾಡಿದ ವಯಸ್ಕರಲ್ಲಿ ನೂರಕ್ಕೆ 88 ಜನ ತೀರಿಕೊಂಡಿದ್ದರು ಅಥವಾ ತೀರಿಕೊಂಡಿರಬೇಕೆಂದು ಭಾವಿಸಲಾಗಿತ್ತು. ಶುರುಮಾಡಿದವರ ಸಂಖ್ಯೆಯಿದು ಎಂಬುದನ್ನು ಗಮನಿಸಿ. ಬಹುಪಾಲು ಜನ ಹೊಲ ಮಾರಿ, ಸಾಲ ಮಾಡಿ, ಕೆಲವು ವಾರ ಯಂತ್ರಕ್ಕೆ ಕೂತು, ಹಣ ಮುಗಿದ ದಿನ ಮನೆಗೆ ಹೋದವರು. ಘಾನಾದ ಅತಿ ದೊಡ್ಡ ಆಸ್ಪತ್ರೆಯಲ್ಲಿ 2023ರಲ್ಲಿ ಒಂದು ಸರದಿಯ ಶುಲ್ಕವನ್ನು 380 ಸೀಡಿಯಿಂದ (ಸೀಡಿ ಅಲ್ಲಿನ ನಾಣ್ಯ) 765ಕ್ಕೆ ಏರಿಸಲು ಹೊರಟಾಗ ಜನ ಬೀದಿಗಿಳಿದದ್ದು ಈ ಕಾರಣಕ್ಕೆ. ಕೀನ್ಯಾದಲ್ಲಿ 2015ರಿಂದ ಸರ್ಕಾರಿ ವಿಮೆ ವಾರಕ್ಕೆ ಎರಡು ಸರದಿಯ ಖರ್ಚನ್ನು ಕೊಟ್ಟಿತು, ಅದರಿಂದ ಅನೇಕರು ಬದುಕಿದರು. ಅದೇ ವರ್ಷ ಗುತ್ತಿಗೆಯ ಮೇಲೆ ಕೌಂಟಿ (ಜಿಲ್ಲಾ ಮಟ್ಟದ) ಆಸ್ಪತ್ರೆಗಳಿಗೆ ಬಂದ ಯಂತ್ರಗಳಲ್ಲಿ ಕೆಲವು ನೀರು, ವಿದ್ಯುತ್, ತರಬೇತಿ ಪಡೆದ ದಾದಿಯರಿಲ್ಲದೆ ಸುಮ್ಮನೆ ನಿಂತವು. ಒಂದು ಸರದಿಗೆ ನೂರಿಪ್ಪತ್ತು ಲೀಟರಿಗೂ ಹೆಚ್ಚು ಶುದ್ಧೀಕರಿಸಿದ ನೀರು ಬೇಕು. ಯಂತ್ರಕ್ಕೆ ರಿಬ್ಬನ್ ಕತ್ತರಿಸುವವರು ನೀರಿನ ಘಟಕದ ಬಗ್ಗೆ ಮಾತನಾಡುವುದನ್ನು ನಾನು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಕೇಳಿಲ್ಲ.

ಡಯಾಲಿಸಿಸ್ ಬೇಡ ಎನ್ನುವವರಲ್ಲಿ ನಾನಿಲ್ಲ. ಆದರೆ ಯಾವ ಡಯಾಲಿಸಿಸ್ ಎಂಬ ಪ್ರಶ್ನೆಯಿದೆ. ಮಲೇರಿಯಾ, ಭೇದಿ, ಹೆರಿಗೆಯ ರಕ್ತಸ್ರಾವದಿಂದ ಕಿಡ್ನಿ ಹಠಾತ್ತಾಗಿ ನಿಂತುಹೋದವರಲ್ಲಿ ಹಲವರಿಗೆ ಒಂದೆರಡು ವಾರ ದಾಟಿಸಿದರೆ ಸಾಕು, ಕಿಡ್ನಿ ತಾನಾಗಿ ಮರಳುತ್ತದೆ. ಹೊಟ್ಟೆಯೊಳಗೆ ದ್ರವ ತುಂಬಿಸಿ ತೆಗೆಯುವ ಪೆರಿಟೋನಿಯಲ್ ಡಯಾಲಿಸಿಸ್‌ಗೆ ಯಂತ್ರವೂ ಬೇಡ, ವಿದ್ಯುತ್ತೂ ಬೇಡ. ಸಿದ್ಧ ದ್ರವ ಸಿಗದ ಕಡೆ ಡ್ರಿಪ್‌ಗೆ ಹಾಕುವ ರಿಂಗರ್ಸ್ ಲ್ಯಾಕ್ಟೇಟ್ ಬಾಟಲಿಗೆ ಗ್ಲೂಕೋಸ್ ಬೆರೆಸಿ ವಾರ್ಡಿನಲ್ಲಿಯೇ ತಯಾರಿಸಿಕೊಳ್ಳುತ್ತಾರೆ. 2012ರಲ್ಲಿ ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಸಂಘಗಳು ಶುರುಮಾಡಿದ ‘ಸೇವಿಂಗ್ ಯಂಗ್ ಲೈವ್ಸ್’ ಕಾರ್ಯಕ್ರಮ ಹಲವು ಆಫ್ರಿಕನ್ ದೇಶಗಳ ವೈದ್ಯರಿಗೆ, ದಾದಿಯರಿಗೆ ಇದನ್ನೇ ಕಲಿಸಿದೆ. ಹತ್ತು ಲಕ್ಷ ಜನರಿಗೆ ಸುಮಾರು ಒಬ್ಬ ಕಿಡ್ನಿ ತಜ್ಞರಿರುವ ಖಂಡದಲ್ಲಿ ದಾದಿಯ ಕೈಗೆ ಈ ವಿದ್ಯೆ ಕೊಡುವುದಕ್ಕಿಂತ ಒಳ್ಳೆಯ ಹೂಡಿಕೆ ನನಗೆ ಕಾಣುತ್ತಿಲ್ಲ. ಅದರ ಜೊತೆಗೆ ಪ್ರತಿ ಹಳ್ಳಿಯ ಚಿಕಿತ್ಸಾಲಯದಲ್ಲಿ ಒಂದು ಬಿಪಿ ಯಂತ್ರ, ಮೂತ್ರದಲ್ಲಿ ಪ್ರೋಟೀನ್ ನೋಡುವ ಪಟ್ಟಿ, ಅಗ್ಗದ ಬಿಪಿ ಮಾತ್ರೆ ಇರಬೇಕು. ಮೂತ್ರದ ಪಟ್ಟಿಗೆ ಯಾವ ಜನಾಂಗದ ಗುಣಕವೂ ಬೇಕಿಲ್ಲ.

ಇಲ್ಲಿ ನಮ್ಮ ಪಾಲಿನ ಮಾತು ಬರುತ್ತದೆ. 2001ರಲ್ಲಿ ಮುಂಬೈನ ಸಿಪ್ಲಾ ಎಚ್‌ಐವಿ ಔಷಧಿಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಹೇಳಿದ್ದು ಆಫ್ರಿಕಾದ ಚಿತ್ರವನ್ನೇ ಬದಲಿಸಿತು. 2020ರಲ್ಲಿ ಇಲ್ಲಿ ಪೇಟೆಂಟ್ ಮುಗಿದ ಡಪಾಗ್ಲಿಫ್ಲೋಜಿನ್ ಅನ್ನು ನಮ್ಮ ಕಂಪನಿಗಳು ಹಲವು ಪಟ್ಟು ಅಗ್ಗವಾಗಿ ತಯಾರಿಸುತ್ತಿವೆ, ಅದೇ ಕೆಲಸವನ್ನು ಕಿಡ್ನಿ ರೋಗಿಗಳಿಗೂ ಮಾಡಬಲ್ಲವು. ಆದರೆ 2022ರ ಅಕ್ಟೋಬರ್‌ನಲ್ಲಿ, ಹರಿಯಾಣದಲ್ಲಿ ತಯಾರಾದ ನಾಲ್ಕು ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್ ವಿಷವಿದೆ, ಗ್ಯಾಂಬಿಯಾದ 66 ಮಕ್ಕಳ ಸಾವಿಗೆ ಅವುಗಳ ನಂಟಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಕಿಡ್ನಿ ಕೆಟ್ಟು ಆ ಮಕ್ಕಳಿಗೆ ಮೂತ್ರ ನಿಂತುಹೋಗಿತ್ತು. ನಮ್ಮ ಸರ್ಕಾರ ತನ್ನ ಪರೀಕ್ಷೆಯಲ್ಲಿ ವಿಷ ಕಂಡಿಲ್ಲವೆಂದಿತು. ನೈಜೀರಿಯಾದ ಮಕ್ಕಳು ಇದೇ ವಿಷದಿಂದ 1990ರಲ್ಲೂ 2008ರಲ್ಲೂ ಸತ್ತಿದ್ದರು, 2025ರಲ್ಲಿ ಅದು ನಮ್ಮದೇ ಮಧ್ಯಪ್ರದೇಶದ ಛಿಂದ್ವಾರಾದ ಮಕ್ಕಳನ್ನು ಕೊಂದಿತು. ಸಿರಪ್‌ಗೆ ಬಳಸುವ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಈ ವಿಷ ಬೆರೆತಿದೆಯೇ ಎಂದು ನೋಡುವುದು ಲ್ಯಾಬಿನವರಿಗೆ ಗೊತ್ತಿರುವ ಮಾಮೂಲಿ ಪರೀಕ್ಷೆ. 2023ರ ಜೂನ್‌ನಿಂದ ರಫ್ತಾಗುವ ಕೆಮ್ಮಿನ ಸಿರಪ್‌ಗೆ ಪರೀಕ್ಷಾ ಪ್ರಮಾಣಪತ್ರ ಕಡ್ಡಾಯವಾಗಿದೆ. ಅಂಥ ಪ್ರಮಾಣಪತ್ರ ಬ್ಯಾಚ್ ಸಂಖ್ಯೆಯೊಂದಿಗೆ ಗ್ಯಾಂಬಿಯಾದ ಬಾಂಜುಲ್‌ನ ಔಷಧಿ ಅಂಗಡಿಯವನಿಗೂ ಛಿಂದ್ವಾರಾದ ತಾಯಿಗೂ ಫೋನಿನಲ್ಲಿ ತೆರೆದು ನೋಡಲು ಸಿಗುವಂತಾಗಬೇಕು ಎಂಬುದು ಇಷ್ಟು ವರ್ಷ ಇಂಥ ವರದಿಗಳಿಗೆ ಸಹಿ ಹಾಕಿದ ನನ್ನ ಒತ್ತಾಯ.