ಮಗನಿಗೆ ಎರಡು ತುಂಬಿತು, ತಪ್ಪದೇ ಬನ್ನಿ

ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿಗೆ ಆಮಂತ್ರಣ ಬಂದಿದೆ. ಹನ್ನೊಂದನೇ ಮಹಡಿಯವರ ಮಗನ ಹುಟ್ಟುಹಬ್ಬ, ಕ್ಲಬ್‌ಹೌಸಿನಲ್ಲಿ. ಫೋಟೋದಲ್ಲಿ ಮಗ ಶೇರ್ವಾನಿ ತೊಟ್ಟು, ನಾಲಿಗೆ ಇಳಿಬಿಟ್ಟು ಕೂತಿದ್ದಾನೆ. "ಎಷ್ಟು ಖುಷಿ ನೋಡಿ!" ಎಂದು ಕೆಳಗೆ ಸಾಲು ಸಾಲು ಹಾರ್ಟು.

ಖುಷಿ ಅಲ್ಲ ಸ್ವಾಮೀ, ಸೆಕೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿ ಚೂರುಪಾರು ಬೆವರು, ಮಿಕ್ಕ ಬಿಸಿಯನ್ನೆಲ್ಲ ತೇಕಿಯೇ ಹೊರಹಾಕಬೇಕು. ಅದರಲ್ಲೂ ಇದು ಹಸ್ಕಿ. ಸೈಬೀರಿಯದ ಚುಕ್ಚಿ ಜನ ಹಿಮದಲ್ಲಿ ಬಂಡಿ ಎಳೆಯಲು ಸಾಕಿದ ತಳಿ. ಮೈಮೇಲೆ ಆಗಲೇ ಎರಡು ಪದರ ತುಪ್ಪಳ ಇದೆ, ಶೇರ್ವಾನಿ ಮೂರನೆಯದು. ಬಾಗಲಕೋಟೆ ಬಿಸಿಲಲ್ಲೇ ಬೆಳೆದ ಮುಧೋಳ ನಾಯಿ ಇತ್ತಲ್ಲ ಅಂತ ಕೇಳಬೇಡಿ. ಅದಕ್ಕೆ ನೀಲಿ ಕಣ್ಣಿಲ್ಲ.

ಪಾರ್ಟಿಯಲ್ಲಿ ಸ್ಪೀಕರ್ ಕಿರುಚುತ್ತಿತ್ತು, ಬಲೂನು ಒಡೆಯುತ್ತಿದ್ದವು. ಮಗ ಆಕಳಿಸಿದ. "ಪಾಪ, ನಿದ್ದೆ" ಎಂದರು. ತುಟಿ ನೆಕ್ಕಿದ. "ಕೇಕಿಗೆ ಕಾಯ್ತಿದ್ದಾನೆ" ಎಂದರು. ಒಬ್ಬ ಆಂಟಿ ಗಟ್ಟಿಯಾಗಿ ತಬ್ಬಿಕೊಂಡಾಗ ಮುಖ ತಿರುಗಿಸಿ, ಕಣ್ಣಿನ ಬಿಳಿ ಕಾಣುವಷ್ಟು ಓರೆಗಣ್ಣು ಮಾಡಿದ. "ನಾಚಿಕೆ!" ಎಂದರು. ನನ್ನನ್ನು ಬಿಟ್ಟುಬಿಡಿ ಎಂದು ನಾಯಿ ಇದಕ್ಕಿಂತ ಬಿಡಿಸಿ ಹೇಳಲಾರದು. ಮುಂದಿನ ಮಾತು ಹಲ್ಲಿನದು. ಆಗ "ಸುಮ್ಸುಮ್ನೆ ಕಚ್ಚಿತು" ಅಂತಾರೆ. ಇನ್ನು ಆ ಕೇಕಿನಲ್ಲಿ ಚಾಕೊಲೇಟ್ ಇತ್ತು, ಒಣದ್ರಾಕ್ಷಿಯೂ ಇತ್ತು. ನಾಯಿಗೆ ಎರಡೂ ವಿಷ. ಪುಣ್ಯಕ್ಕೆ ಮಕ್ಕಳೇ ಎಲ್ಲ ಖಾಲಿ ಮಾಡಿದರು.

ಮಗ ಸೋಫಾ ಹರಿದರೆ ಇನ್ನೊಂದು ವಿಡಿಯೋ. "ಯಾರು ಮಾಡಿದ್ದು? ಯಾರು?" ಎಂದು ಗದರುತ್ತಾರೆ. ಅದು ಕಿವಿ ಮಡಚಿ, ತಲೆ ತಗ್ಗಿಸುತ್ತದೆ. ನೋಡಿ, ಪಶ್ಚಾತ್ತಾಪ! 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ಇದನ್ನೇ ಪರೀಕ್ಷೆಗೆ ಹಚ್ಚಿದ್ದರು. ತಿಂಡಿ ಕದ್ದ ನಾಯಿಯೂ ಬೈಸಿಕೊಂಡಿತು, ಕದಿಯದ ನಾಯಿಯೂ ಬೈಸಿಕೊಂಡಿತು. ಮುಖ ಸಪ್ಪೆಯಾಗಿದ್ದು ಬೈಗುಳಕ್ಕೆ, ಕದ್ದದ್ದಕ್ಕಲ್ಲ. ಆದರೆ ಪಶ್ಚಾತ್ತಾಪಕ್ಕೆ ಬರುವಷ್ಟು ಲೈಕು ಹೆದರಿಕೆಗೆ ಬರುವುದಿಲ್ಲ, ಅಲ್ವಾ?

ಆರನೇ ಮಹಡಿಯ ಬೆಕ್ಕು ಶುದ್ಧ ಸಸ್ಯಾಹಾರಿ. ಮೊಸರನ್ನ, ಹಬ್ಬಕ್ಕೆ ಹೋಳಿಗೆ. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತೇ ಆಗುವುದಿಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಕಣ್ಣೂ ಹೋಗುತ್ತದೆ, ಹೃದಯವೂ ಕೆಡುತ್ತದೆ. ಅವರ ಪ್ರಕಾರ ಅದಕ್ಕೆ ಪೂರ್ವಜನ್ಮದ ಸಂಸ್ಕಾರ. ಬಾಲ್ಕನಿಗೆ ಪಾರಿವಾಳ ಬಂದಾಗ ಆ ಸಂಸ್ಕಾರದ ಗದ್ದ ಅದುರುವುದನ್ನು ನೋಡಬೇಕು.

ಇಷ್ಟೆಲ್ಲ ಪ್ರೀತಿ ಮಾಡುವವರಿಗೆ ವಾಕಿಂಗಿಗೆ ಮಾತ್ರ ಟೈಮಿಲ್ಲ. ಕಿವಿಗೆ ಫೋನು ಸಿಕ್ಕಿಸಿಕೊಂಡು ಲೇಔಟಿಗೆ ಒಂದು ಸುತ್ತು, ಅಷ್ಟೇ. ನಾಯಿ ಲೈಟುಕಂಬದ ಹತ್ತಿರ ನಿಲ್ಲುತ್ತದೆ. ಬೆಳಿಗ್ಗೆಯಿಂದ ಯಾರು ಬಂದರು, ಹೆಣ್ಣೋ ಗಂಡೋ, ಎಲ್ಲ ವರದಿ ಆ ಕಂಬದಲ್ಲಿದೆ. ಮೂಗು ಇಡುವಷ್ಟರಲ್ಲಿ "ಛೀ, ಗಲೀಜು" ಎಂದು ಹಗ್ಗ ಎಳೆಯುತ್ತಾರೆ. ಮೈಲುಗಟ್ಟಲೆ ಓಡಲು ಹುಟ್ಟಿದ್ದು ಲಿಫ್ಟಿನಲ್ಲಿ ವಾಪಸು ಹೋಗುತ್ತದೆ. ಆಮೇಲೆ ಮತ್ತೆ ಸೋಫಾ ಹರಿದರೆ "ಡಿಪ್ರೆಶನ್ ಇರಬೇಕು" ಅಂತ ಕೌನ್ಸೆಲರ್ ಹುಡುಕುತ್ತಾರೆ. ಕಂಬ ಮೂಸುವುದು ಪುಕ್ಕಟೆ, ಅದಕ್ಕೇ ಯಾರಿಗೂ ನಂಬಿಕೆ ಇಲ್ಲ.

ಅದೂ ಆಗಲಿಲ್ಲ ಎಂದರೆ ಬೆಂಗಳೂರಿನಲ್ಲಿ ಈಗ ನಾಯಿಮರಿಗಳ ಜೊತೆ ಯೋಗ ಮಾಡುವ ಕ್ಲಾಸೂ ಇದೆ. ಆಸನ ನಿಮ್ಮದು, ನೆಮ್ಮದಿ ನಿಮ್ಮದು, ಫೋಟೋ ನಿಮ್ಮದು. ಮರಿಯ ಪಾಲಿಗೆ ಉಳಿಯುವುದು ಮ್ಯಾಟಿನ ಮೇಲೆ ಒಂದಿಷ್ಟು ಉಚ್ಚೆ. ಅದನ್ನಾದರೂ ಮಾಡಲಿ ಬಿಡಿ.