ಇರುವೆ ಕಚ್ಚಿದ ಹಾಗೆ

ಬಲ ಮೊಣಕೈಯ ಸಂದಿನಲ್ಲಿ ಹತ್ತಿ ಅಂಟಿಸಿಕೊಂಡು, ಎಡಗೈಯಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಖಾಲಿ ಹೊಟ್ಟೆಯ ರಕ್ತ ಕೊಟ್ಟಾಯಿತು, ಬೆಣ್ಣೆದೋಸೆ ತಿಂದಾಯಿತು. ತಿಂದ ಎರಡು ಗಂಟೆಗೆ ಸರಿಯಾಗಿ ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕು. ಅಲ್ಲಿಯವರೆಗೆ ಈ ಹೋಟೆಲಿನ ಮೂಲೆಯ ಮೇಜೇ ಗತಿ. (ಸಕ್ಕರೆ ಪರೀಕ್ಷೆಯ ದಿನವೂ ಬೆಣ್ಣೆದೋಸೆಯೇ ಎಂದು ಕೇಳುವವರು ದಾವಣಗೆರೆಯವರಲ್ಲ.)

ವಿಷಯ ಅದಲ್ಲ. ಬೆಳಿಗ್ಗೆ ಲ್ಯಾಬಿನಲ್ಲಿ ನನಗಿಂತ ಮುಂದಿನ ಟೋಕನ್ ಒಬ್ಬ ಹಿರಿಯರದ್ದು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ತಿರುವಿದ ಮೀಸೆ, ನೇಗಿಲು ಹಿಡಿದು ದಪ್ಪಗಾದ ಅಂಗೈ. ಜೊತೆಗೆ ಮಗಳು. ಕುರ್ಚಿಯಲ್ಲಿ ಕುಳಿತು ತೋಳು ಚಾಚಿದರು. ಹುಡುಗ ರಬ್ಬರ್ ಪಟ್ಟಿ ಬಿಗಿದ, ಸ್ಪಿರಿಟ್ ಒರೆಸಿದ. ಅಷ್ಟೇ. ಅವರ ಹಣೆಯಲ್ಲಿ ಬೆವರು ಮೂಡಿತು, ತುಟಿ ಬೂದಿ ಬಣ್ಣಕ್ಕೆ ತಿರುಗಿತು, ಕುರ್ಚಿಯಿಂದ ಮೂಟೆ ಜಾರಿದ ಹಾಗೆ ಜಾರಿದರು.

ಕಾಯುತ್ತಿದ್ದವರಲ್ಲಿ ಅರ್ಧ ಜನ ನಕ್ಕರು. "ಇಷ್ಟು ಮೀಸೆ ಇಟ್ಟುಕೊಂಡು!" ಎಂದರು ಒಬ್ಬರು. ಇನ್ನೊಬ್ಬರು ಈರುಳ್ಳಿ ತನ್ನಿ ಎಂದು ಕೂಗಿದರು. ಇಬ್ಬರು ಸೇರಿ ಅವರನ್ನು ಎತ್ತಿ ಕೂರಿಸಲು ಹೊರಟರು. ನಾನು ತರಗತಿಯಲ್ಲಿ ಬಳಸುವ ಧ್ವನಿಯನ್ನೇ ಹೊರತೆಗೆದು, "ಮಲಗಿಸಿ! ಕಾಲು ಮೇಲೆತ್ತಿ!" ಎಂದೆ. ಸ್ಟೂಲಿನ ಮೇಲೆ ಕಾಲು ಇಟ್ಟ ಒಂದೆರಡು ನಿಮಿಷಕ್ಕೆ ಕಣ್ಣು ಬಿಟ್ಟರು. "ರಕ್ತ ತೆಗೆದುಕೊಂಡಿರೇನಪ್ಪಾ?" ಎಂದು ಕೇಳಿದರು. ಸೂಜಿ ಇನ್ನೂ ಕವರಿನಲ್ಲೇ ಇತ್ತು. ಮತ್ತೆ ನಗು. ಮಗಳು ಮಾತ್ರ ನಗಲಿಲ್ಲ. "ನಮ್ಮ ಅಪ್ಪ ಹೊಲದಲ್ಲಿ ಹಾವು ಬಂದರೆ ಬರಿಗೈಯಲ್ಲಿ ಹಿಡಿದು ಆಚೆ ಬಿಸಾಡುತ್ತಾರೆ," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು.

ಆಗ ಆ ಹುಡುಗ ಆಡಿದ ಮಾತು ಬೆಳಗಿನಿಂದ ನನ್ನ ತಲೆಯಲ್ಲಿ ಕುದಿಯುತ್ತಿದೆ: "ಏನಿಲ್ಲ ಅಜ್ಜಾ, ಇರುವೆ ಕಚ್ಚಿದ ಹಾಗೆ ಅಷ್ಟೇ."

ಈ ಇರುವೆಯನ್ನು ಯಾರು ಕಂಡುಹಿಡಿದರೋ! ನಲವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಇರುವೆ ಕಚ್ಚಿದರೆ ನಾನು ಕೊಡವಿಕೊಳ್ಳುತ್ತೇನೆ. "ಕಚ್ಚಪ್ಪಾ, ಮೂರು ಕೊಳವೆ ತುಂಬುವವರೆಗೆ ಕಚ್ಚು" ಎಂದು ಕೈ ಚಾಚಿ ಕೂರುವುದಿಲ್ಲ. ಇರುವೆ ಬರುವ ಮೊದಲು ಯಾರೂ ತೋಳಿಗೆ ಪಟಪಟ ಬಡಿದು "ನರವೇ ಸಿಗುತ್ತಿಲ್ಲವಲ್ಲ ಮೇಡಂ" ಎನ್ನುವುದಿಲ್ಲ. (ಅದು ನರ ಅಲ್ಲ, ಅಭಿಧಮನಿ. ಆ ಹೊತ್ತಿನಲ್ಲಿ ತಿದ್ದುವ ಧೈರ್ಯ ಯಾರಿಗಿದೆ?)

ಅಸಲಿಗೆ ಇದು ನೋವಿನ ಮಾತೇ ಅಲ್ಲ. ನೋವಿಗಾದರೆ ಚರ್ಮ ಮರಗಟ್ಟಿಸುವ ಮುಲಾಮು ಇದೆ, ಒಂದು ಗಂಟೆ ಮೊದಲು ಹಚ್ಚಿಕೊಂಡರಾಯಿತು. ಆ ಹಿರಿಯರಿಗೆ ನೋಯಲು ಚುಚ್ಚಿರಲೇ ಇಲ್ಲವಲ್ಲ! ಹಾವು, ಎತ್ತರ, ಕತ್ತಲು ಯಾವುದಕ್ಕೆ ಹೆದರಿದರೂ ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಓಡಲು ಮೈ ಸಿದ್ಧವಾಗುತ್ತದೆ. ಸೂಜಿ ಮತ್ತು ರಕ್ತದ ಭಯ ಇರುವ ನಮ್ಮಂಥ ಹಲವರಲ್ಲಿ ಮಾತ್ರ ಮೊದಲು ಏರಿದ್ದು ದಿಢೀರನೆ ಬೀಳುತ್ತದೆ. ವೇಗಸ್ ನರ ಹೃದಯಕ್ಕೆ ಲಗಾಮು ಹಾಕುತ್ತದೆ, ರಕ್ತನಾಳಗಳು ಸಡಿಲಗೊಳ್ಳುತ್ತವೆ, ರಕ್ತ ಕಾಲಿನ ಕಡೆ ಇಳಿಯುತ್ತದೆ, ಮಿದುಳಿಗೆ ಸಾಲದಾಗುತ್ತದೆ. ಇದರಲ್ಲಿ ಮೀಸೆ ಮಾಡುವುದೇನೂ ಇಲ್ಲ.

ನನ್ನ ಪರಿಸ್ಥಿತಿ ಗೊತ್ತಲ್ಲ, ತವರು ಚಿತ್ರದುರ್ಗ. ಲ್ಯಾಬಿನಲ್ಲಿ ಮುಖ ಬಿಳಿಚಿಕೊಂಡಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಓಬವ್ವನ ಊರಿನವರಾಗಿ ಸೂಜಿಗೆ ಹೆದರುತ್ತೀರಾ?" ಸ್ವಾಮಿ, ಓಬವ್ವ ಒನಕೆ ಹಿಡಿದು ಕಿಂಡಿಯ ಪಕ್ಕ ನಿಂತಿದ್ದಳು. ಖಾಲಿ ಹೊಟ್ಟೆಯಲ್ಲಿ ಕೈ ಚಾಚಿ, ಟೋಕನ್ ಹಿಡಿದು ಕುಳಿತಿರಲಿಲ್ಲ. ನನ್ನ ಕೈಗೂ ಒನಕೆ ಕೊಟ್ಟು ನೋಡಿ.

ಬೆಳಿಗ್ಗೆ ಏಳು ಗಂಟೆಗೇ ಬಾಗಿಲಾಚೆಯವರೆಗೆ ಸಾಲು ಇರುತ್ತದೆ, ಎಲ್ಲರೂ ಹಸಿದವರು, ಎಲ್ಲರೂ ಸಿಡುಕುವವರು, ಒಬ್ಬೊಬ್ಬರ ಭಯ ವಿಚಾರಿಸುತ್ತಾ ಕೂರಲು ಲ್ಯಾಬಿನ ಮಕ್ಕಳಿಗೆ ಸಮಯ ಎಲ್ಲಿದೆ ಎಂದು ನೀವು ಕೇಳಬಹುದು. ಒಪ್ಪುತ್ತೇನೆ. ಅವರ ಸಂಬಳ ಎಷ್ಟೆಂದೂ ನನಗೆ ಗೊತ್ತು, ನನ್ನ ಹಳೆಯ ವಿದ್ಯಾರ್ಥಿಗಳೇ ಕೆಲವರು ಅಲ್ಲಿದ್ದಾರೆ. ಆದರೆ "ಮೊದಲು ಯಾವಾಗಲಾದರೂ ತಲೆಸುತ್ತು ಬಂದಿತ್ತೇ?" ಎಂದು ಕೇಳಿ ಮಂಚದ ಮೇಲೆ ಮಲಗಿಸಲು ಎಷ್ಟು ಹೊತ್ತು ಬೇಕು? ಇವತ್ತು ಬಿದ್ದವರನ್ನು ಎಬ್ಬಿಸಿ, ನೀರು ಕೊಟ್ಟು, ಕುರ್ಚಿ ಸರಿಸಿ, ಈರುಳ್ಳಿಯವರನ್ನು ಆಚೆ ಕಳುಹಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಮಂಚ ಪಕ್ಕದಲ್ಲೇ ಇತ್ತು. ಅದರ ಮೇಲೆ ಹಳೆಯ ರಿಪೋರ್ಟುಗಳ ಕಟ್ಟು ಹಾಯಾಗಿ ಮಲಗಿತ್ತು.

ಇಷ್ಟು ಕೋಪ ಯಾಕೆ ಎಂದರೆ, ಹೇಳಿಬಿಡುತ್ತೇನೆ. ಹತ್ತನೇ ತರಗತಿಗೆ 'ಜೀವಕ್ರಿಯೆಗಳು' ಪಾಠ ಮಾಡುವಾಗ ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಹೃದಯ ಬರೆಯುವ ಈ ಟೀಚರು ಎರಡು ವರ್ಷದಿಂದ ಎಚ್‌ಬಿಎ1ಸಿ ಮಾಡಿಸಿಲ್ಲ. ಹಿಂದಿನ ಮೂರು ತಿಂಗಳ ಸಕ್ಕರೆಯ ಜಾತಕವನ್ನೇ ತೆರೆದಿಡುವ ಪರೀಕ್ಷೆ ಅದು. ಡಾಕ್ಟರ್ ಬರೆದುಕೊಟ್ಟ ಚೀಟಿ ನನ್ನ ಪಾಠಯೋಜನೆ ಪುಸ್ತಕದಲ್ಲಿ ಗುರುತಿನ ಕಾಗದವಾಗಿದೆ. ಮನೆಯಲ್ಲಿ "ಎಲ್ಲ ನಾರ್ಮಲ್" ಎಂದು ಹೇಳಿದ್ದೆ. (ರೀ, ಓದಿದ ಕೂಡಲೇ ಫೋನ್ ಮಾಡಬೇಡಿ. ಮನೆಗೆ ಬಂದ ಮೇಲೆ ಬೈಯಿರಿ.) ಅಪ್ಪ ಸಕ್ಕರೆ ಕಾಯಿಲೆಯಿಂದ ಪಟ್ಟ ಪಾಡು ನೋಡಿದವಳು ನಾನು. ಗೊತ್ತಿದ್ದೂ ಹೋಗಲಿಲ್ಲ. ಸೂಜಿಗಿಂತ ಹೆಚ್ಚಾಗಿ ಆ ನಗುವಿಗೆ ಹೆದರಿದ್ದೆ. ಹೋದ ಸಲ ಬಿದ್ದಾಗ ಸೀರೆ ಸರಿಪಡಿಸಿಕೊಳ್ಳುತ್ತಾ ಎದ್ದವಳಿಗೆ ಕೇಳಿಸಿದ್ದು ಇದೇ ನಗು, ಇದೇ ಇರುವೆ.

ಈ ಸಲ ಹೋಗುವ ಧೈರ್ಯ ಬಂದದ್ದು ಒಂದು ಉಪಾಯದಿಂದ. 1980ರ ದಶಕದಲ್ಲಿ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರನ್ ಓಸ್ಟ್ ರೂಪಿಸಿದ್ದು. ಎಲ್ಲರೂ "ಮೈ ಸಡಿಲ ಬಿಡಿ, ದೀರ್ಘ ಉಸಿರು ತೆಗೆದುಕೊಳ್ಳಿ" ಎನ್ನುತ್ತಾರಲ್ಲ, ಬೀಳುವ ಜಾತಿಯವರಾದ ನಮಗೆ ಇದು ಅದರ ತದ್ವಿರುದ್ಧ. ತೊಡೆ, ಹೊಟ್ಟೆ, ತೋಳುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿ ಹಿಡಿಯಬೇಕು. ಮುಖ ಬೆಚ್ಚಗಾಗುತ್ತಿದ್ದಂತೆ ಬಿಡಬೇಕು, ಇಪ್ಪತ್ತು ಮೂವತ್ತು ಸೆಕೆಂಡು ಸುಮ್ಮನಿದ್ದು ಮತ್ತೆ ಬಿಗಿ. ಹೀಗೆ ಐದು ಸಲ. ಬೀಳುವ ರಕ್ತದೊತ್ತಡವನ್ನು ಇದು ಎತ್ತಿ ಹಿಡಿಯುತ್ತದೆ. ಚುಚ್ಚುವ ಕೈ ಮಾತ್ರ ಸಡಿಲವಾಗಿರಬೇಕು. ಒಂದು ವಾರ ಅಡುಗೆಮನೆಯಲ್ಲಿ, ಕುಕ್ಕರ್ ಕೂಗುವವರೆಗೆ ಅಭ್ಯಾಸ ಮಾಡಿದ್ದೆ.

ನನ್ನ ಟೋಕನ್ ಬಂತು. ಹಿಂದಿನ ಸಲ ಬಿದ್ದಿದ್ದೆ, ಮಲಗಿಯೇ ಕೊಡುತ್ತೇನೆ ಎಂದು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಹುಡುಗ ರಿಪೋರ್ಟಿನ ಕಟ್ಟು ಎತ್ತಿಟ್ಟ. ಮಲಗಿದೆ, ಮುಖ ಗೋಡೆಯ ಕಡೆ ತಿರುಗಿಸಿದೆ, ತೊಡೆ ಬಿಗಿದೆ. ನನ್ನ ಕೆಂಪು ಮುಖ ನೋಡಿ ಅವನು ಗಾಬರಿಯಾಗಿ, ಮೆಲ್ಲಗೆ, "ಮೇಡಂ, ಶೌಚಾಲಯ ಆ ಕಡೆ ಇದೆ," ಎಂದ. ನನಗೇ ನಗು ಬಂದುಬಿಟ್ಟಿತು. ನಕ್ಕು ಮುಗಿಸುವಷ್ಟರಲ್ಲಿ ನೇರಳೆ ಮುಚ್ಚಳದ ಕೊಳವೆಯೂ ಬೂದು ಮುಚ್ಚಳದ್ದೂ ತುಂಬಿದ್ದವು.

ಹೊರಗೆ ಬಂದಾಗ ಆ ಹಿರಿಯರು ಬೆಂಚಿನ ಮೇಲೆ ಎಳನೀರು ಕುಡಿಯುತ್ತಿದ್ದರು. ಮಗಳು ನಾಳೆ ಬರೋಣ ಎನ್ನುತ್ತಿದ್ದರು, ಅವರು ಬೇಡವೇ ಬೇಡ ಎನ್ನುತ್ತಿದ್ದರು. ಪಕ್ಕದಲ್ಲಿ ಕುಳಿತು ತೊಡೆ ಬಿಗಿಯುವುದನ್ನು ತೋರಿಸಿಕೊಟ್ಟೆ. "ಹೊರೆ ಎತ್ತುವಾಗ ಬಿಗಿ ಹಿಡಿಯುತ್ತೇವಲ್ಲ, ಹಾಗೇನವ್ವಾ?" ಎಂದರು. ಇಷ್ಟು ಸರಿಯಾಗಿ ನನ್ನ ತರಗತಿಯಲ್ಲಿ ಯಾರೂ ಅರ್ಥ ಮಾಡಿಕೊಂಡಿಲ್ಲ.

ಎರಡು ಗಂಟೆ ಆಗುತ್ತಾ ಬಂತು. ಈಗ ಎಡಗೈಯ ಸರದಿ. ಮೇಜಿನ ಕೆಳಗೆ ಬಿಗಿ ಹಿಡಿದು ಎಣಿಸುತ್ತಿದ್ದೇನೆ. ಮಾಣಿ ಮುಖ ನೋಡಿ, "ಚಟ್ನಿ ಖಾರವಾಯಿತೇ ಅಮ್ಮಾ?" ಎಂದು ಕೇಳಿ ಇನ್ನೊಂದು ಲೋಟ ನೀರು ಇಟ್ಟು ಹೋದ.