ಬಿಟ್ಟಿ ಚಾಕರಿಗೂ ಹತಾರ ಬೇಕಲ್ವಾ ಸ್ವಾಮಿ?

ಈಗಷ್ಟೇ ಗೆಳೆಯರೊಬ್ಬರ ಪೋಸ್ಟಿನ ಕೆಳಗೆ ಒಂದು ಕಾಮೆಂಟ್ ನೋಡಿದೆ: "ರೆಡಿಟ್‌ನದ್ದೇ ಆ್ಯಪ್ ಇತ್ತಲ್ಲ, 2023ರಲ್ಲಿ ಮಾಡರೇಟರ್‌ಗಳು ಅಷ್ಟೊಂದು ಯಾಕೆ ಕೂಗಾಡಿದ್ರು?" ಮೈಯೆಲ್ಲ ಉರಿದುಹೋಯ್ತು. ರೆಡಿಟ್ ಅಂದ್ರೆ ಜನ ಗುಂಪು ಕಟ್ಟಿಕೊಂಡು ಹರಟೋ ಜಾಲತಾಣ. ಆ ಗುಂಪುಗಳ ಕಸ ಎತ್ತೋ, ಸಂಬಳ ಇಲ್ಲದ ಕಾವಲುಗಾರರೇ ಮಾಡರೇಟರ್‌ಗಳು. ಹೊರಗಿನವರು ಮಾಡಿದ ಆ್ಯಪ್‌ಗಳಿಗೆ ರೆಡಿಟ್ 2023ರಲ್ಲಿ ಶುಲ್ಕ ಹಾಕಿದ್ದಕ್ಕೆ ಅವರು ಕೂಗಾಡಿದ್ದು.

ಸ್ವಾಮಿ, ಈಗಿನ ಆ ಆ್ಯಪ್ ಬಂದಿದ್ದೇ 2016ರಲ್ಲಿ. ಅದಕ್ಕೂ ಎಷ್ಟೋ ಮುಂಚೆಯಿಂದ ಫೋನಿನಲ್ಲಿ ಕ್ಯೂ, ಅಂದ್ರೆ ಪರಿಶೀಲನೆಗೆ ಕಾದಿರೋ ಪೋಸ್ಟ್‌ಗಳ ಸಾಲು, ನೋಡಿಕೊಳ್ಳೋರು ಹೊರಗಿನವರ ಆ್ಯಪ್‌ಗಳಿಗೆ ಕೈ ಪಳಗಿಸಿಕೊಂಡಿದ್ರು. ಆಟೋಮಾಡರೇಟರ್ ಇದೆಯಲ್ಲ ಅಂತೀರಾ? ಅದು ಅರ್ಧ ಕೆಲಸ. ಮೂರು ದಿನಕ್ಕಿಂತ ಹೊಸ ಖಾತೆಯ ಪೋಸ್ಟ್ ತಡೆಹಿಡಿ ಅಂತ ನಿಯಮ ಬರೆದಿಟ್ರೆ ತಡೆಹಿಡಿಯುತ್ತೆ, ಅಷ್ಟೇ. ಅದರಲ್ಲಿ ಸ್ಪ್ಯಾಮ್ ಯಾವುದು, ಪಾಪದ ಹೊಸಬರ ಪ್ರಶ್ನೆ ಯಾವುದು ಅಂತ ನೋಡಿ ಬಿಡೋದು ಮನುಷ್ಯನೇ. ಕನ್ನಡದ ಒಂದೇ ಬೈಗುಳವನ್ನ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೈದು ಥರ ಬರೀತಾರೆ. ನೀವು ನಾಲ್ಕು ಹಿಡಿದ್ರೆ ಐದನೆಯದು ನುಸುಳುತ್ತೆ. ಆಗ ತೆಗೆಯಬೇಕು, ಕಾರಣ ಬರೆಯಬೇಕು, ಆ ಖಾತೆಯ ಹಳೇ ಪೋಸ್ಟ್ ನೋಡಬೇಕು, ಬೇಕಾದ್ರೆ ಬ್ಯಾನ್ ಮಾಡಬೇಕು. ಪ್ರತಿ ಹೆಜ್ಜೆಗೂ ಹೊಸ ಪರದೆ ತೆರೀಬೇಕಾದ್ರೆ ಬಸ್ಸಲ್ಲಿ ನಿಂತುಕೊಂಡು ಮಾಡೋ ಕೆಲಸವಾ ಅದು?

"ಮಾಡರೇಟರ್‌ಗಳ ಬಾಟ್‌ಗಳಿಗೆ, ಅಂದ್ರೆ ತಾವಾಗೇ ಕೆಲಸ ಮಾಡೋ ಪ್ರೋಗ್ರಾಂಗಳಿಗೆ, ಶುಲ್ಕದಿಂದ ವಿನಾಯಿತಿ ಕೊಟ್ಟಿದ್ರಲ್ಲ!" ಕೊಟ್ಟಿದ್ರು. ಮಾಡರೇಟರ್‌ಗಳು ಬಳಸೋ ಟೂಲ್‌ಬಾಕ್ಸ್ ಎಕ್ಸ್‌ಟೆನ್ಷನ್ನೂ ಉಳೀತು. ಆದ್ರೆ ಅದು ಕಂಪ್ಯೂಟರ್‌ನ ಬ್ರೌಸರ್‌ಗೆ ಮಾಡಿದ್ದು. ಯಾವ ಖಾತೆಗೆ ಹಿಂದೆ ಎಚ್ಚರಿಕೆ ಕೊಟ್ಟಿದ್ದೀವಿ ಅನ್ನೋ ಯೂಸರ್‌ನೋಟ್ಸ್ ಅದರೊಳಗೆ. ರಾತ್ರಿ ಹನ್ನೊಂದಕ್ಕೆ ಹಾಸಿಗೇಲಿ ಫೋನ್ ಹಿಡಿದೋನಿಗೆ ಅದರಿಂದ ಏನು ಬಂತು?

ಇನ್ನು ದರ. ಆ್ಯಪ್ ಒಂದು ಸಲ ರೆಡಿಟ್‌ನಿಂದ ಮಾಹಿತಿ ಕೇಳಿದ್ರೆ ಅದು ಒಂದು ಎಪಿಐ ಕರೆ. ಅಂಥ 1,000 ಕರೆಗೆ 24 ಸೆಂಟ್. ಕೇಳೋಕೆ ಚಿಲ್ಲರೆ. ಅಪೊಲೊ ಅನ್ನೋ ಹೊರಗಿನ ಆ್ಯಪ್ ಒಂದೇ ತಿಂಗಳಲ್ಲಿ 700 ಕೋಟಿ ಕರೆ ಮಾಡಿತ್ತು. ಗುಣಿಸಿದ್ರೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್. ಮೇ ಕೊನೆಗೆ ಲೆಕ್ಕ ಹೊರಬಿತ್ತು, ಜೂನ್ 30ಕ್ಕೆ ಅಪೊಲೊ, ಸಿಂಕ್, ಬೇಕನ್‌ರೀಡರ್ ಬಾಗಿಲು ಹಾಕಿದ್ವು. ಒಂದು ತಿಂಗಳು! ಮನೆ ಮಾಲೀಕರೂ ಇದಕ್ಕಿಂತ ಜಾಸ್ತಿ ಟೈಮ್ ಕೊಡ್ತಾರೆ.

ಎಐ ಕಂಪನಿಗಳು ಪುಕ್ಕಟೆ ಡೇಟಾ ಬಾಚಿಕೊಳ್ತಿದ್ವು, ಸರ್ವರ್‌ಗೂ ಖರ್ಚಿದೆ ಅನ್ನೋದು ಕಂಪನಿಯ ವಾದ. ಸರಿ, ಬಾಚೋರ ಹತ್ತಿರ ವಸೂಲಿ ಮಾಡಿ, ಯಾರು ಬೇಡ ಅಂದ್ರು? ಕಸ ಎತ್ತೋನ ಆ್ಯಪ್‌ಗೂ ಬಾಚೋನಿಗೂ ಒಂದೇ ರೇಟಾ?

ನನಗೆ ಇವತ್ತಿಗೂ ಸಿಟ್ಟು ಬರೋದು ಕಣ್ಣು ಕಾಣದವರ ವಿಷಯಕ್ಕೆ. ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್‌ಗೆ ಬಟನ್‌ನ ಹೆಸರೇ ಸಿಗದಿದ್ರೆ ಅದು ಬರೀ "ಬಟನ್" ಅಂತ ಓದುತ್ತೆ. ಯಾವ ಬಟನ್? ತೆಗೆಯೋದಾ, ಒಪ್ಪೋದಾ? ರೆಡಿಟ್‌ನಲ್ಲಿರೋ ಅಂಧರ ಗುಂಪು ಆರ್/ಬ್ಲೈಂಡ್‌ನವರು ಗಲಾಟೆ ಮಾಡಿದ ಮೇಲೆ ರೆಡ್‌ರೀಡರ್, ಡಿಸ್ಟೋಪಿಯಾ, ಲೂನಾ ಆ್ಯಪ್‌ಗಳಿಗೆ ವಿನಾಯಿತಿ ಸಿಕ್ತು. ಅಂಧ ಮಾಡರೇಟರ್‌ಗಳೂ ಇದ್ದಾರೆ ಅನ್ನೋದು ಅಷ್ಟು ದೊಡ್ಡ ಕಂಪನಿಗೆ ಹೊಳೆದೇ ಇರಲಿಲ್ಲವಾ?

2024ರ ಮಾರ್ಚ್‌ನಲ್ಲಿ ಷೇರು ಮಾರುಕಟ್ಟೆಗೆ ಹೋದಾಗ ಮಾತ್ರ ಮಾಡರೇಟರ್‌ಗಳ ನೆನಪಾಯ್ತು. ಒಂದಿಷ್ಟು ಷೇರು ಮೀಸಲಿಟ್ರು. ಪುಕ್ಕಟೆ ಅಂದುಕೊಂಡ್ರಾ? 34 ಡಾಲರ್‌ಗೆ ಒಂದು.